‘ಬಂದನಿಲ್ಲ’ ಎಂದು ಯಾರೂ ಹೇಳುವುದಿಲ್ಲ: ಇಂಗ್ಲಿಷ್ ಕ್ರಿಯಾಪದ ಕಲಿಯುವ ಕನ್ನಡಿಗರಿಗೆ

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಬಳಿ ಒಬ್ಬರು ನನ್ನನ್ನು ನಿಲ್ಲಿಸಿ, ‘ಮೇಷ್ಟ್ರೇ, ನನಗೆ ಇಂಗ್ಲಿಷ್ ಬರುವುದಿಲ್ಲ, ಕೂತು ಕೇಳಬಹುದೇ?’ ಎಂದರು. ಕರೆದುಕೊಂಡು ಬಂದಿದ್ದೇನೆ, ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಅವರ ಆ ಮಾತಿನಿಂದಲೇ ಶುರು ಮಾಡುತ್ತೇನೆ.

ಕನ್ನಡದಲ್ಲಿ ವಿದ್ಯೆ ‘ಬರುತ್ತದೆ’. ಈಜು ಬರುತ್ತದೆ, ಸೈಕಲ್ ಬರುತ್ತದೆ, ರಂಗೋಲಿ ಬರುತ್ತದೆ, ತುಳು ಬರುತ್ತದೆ. ಬರುವುದು ವಿದ್ಯೆ, ನಾವು ‘ನನಗೆ’ ಎಂದು ಒಂದು ಪಕ್ಕದಲ್ಲಿ ನಿಂತಿರುತ್ತೇವೆ. ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳುವವರು ‘ಐ ನೋ’, ‘ಐ ಕ್ಯಾನ್’, ‘ಐ ಸ್ಪೀಕ್’ ಎನ್ನುತ್ತಾರೆ. ನಮ್ಮ ‘ನನಗೆ’ ಅಲ್ಲಿ ‘ನಾನು’ ಆಗುತ್ತದೆ. ಇದನ್ನು ಯಾರೂ ತಿಳಿಸಿ ಹೇಳಿರದವರು ಕನ್ನಡದ ದಾರಿಯಲ್ಲೇ ನಡೆದು ‘ಇಂಗ್ಲಿಷ್ ನಾಟ್ ಕಮಿಂಗ್’ ಎನ್ನುತ್ತಾರೆ. ಅದನ್ನು ಕೇಳಿ ನಗುವವರನ್ನು ನಾನು ಕಂಡಿದ್ದೇನೆ, ಪ್ರತಿ ಸಲವೂ ನನಗೆ ನೋವಾಗಿದೆ. ಆ ವಾಕ್ಯವನ್ನು ಕಟ್ಟಿದ್ದು ಒಂದು ಶಿಸ್ತಾದ ವ್ಯಾಕರಣ. ಅದು ಕನ್ನಡದ ವ್ಯಾಕರಣ ಎನ್ನುವುದೊಂದೇ ಅಲ್ಲಿಯ ತೊಡಕು. ಕಲಿಯುವವರ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಕನ್ನಡದಿಂದ ಬಂದವು. ಅವುಗಳಿಗೆ ಮದ್ದು ಕೂಡ ಕನ್ನಡದಲ್ಲೇ ಇದೆ ಎಂಬುದು ಬಹಳ ವರ್ಷ ಕಲಿಸಿದ ಮೇಲೆ ನಾನು ಕಂಡುಕೊಂಡದ್ದು. ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ.

ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋಂಸ್ಟೇಯಲ್ಲಿ ಅಡುಗೆ ಮಾಡುವವರು, ಆಟೊ ಓಡಿಸುವವರು, ಔಷಧಿ ಅಂಗಡಿಯ ಹುಡುಗರು, ಮಗ ಸೊಸೆ ಹೊರದೇಶದಲ್ಲಿರುವ ತಾಯಂದಿರು ಬರುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೆ ಮುಂಚೆ ಓದಿದ ಇವರೆಲ್ಲ ಎಬಿಸಿಡಿ ನೋಡಿದ್ದು ಐದನೆಯ ತರಗತಿಯಲ್ಲಿ. ಕ್ರಿಯಾಪದ ಎಂದರೆ ಅವರಿಗೆ ನೆನಪಾಗುವುದು ಗೋಡೆಗೆ ತೂಗುಹಾಕಿದ ಮೂರು ಸಾಲಿನ ಪಟ್ಟಿ. ‘ಗೋ ವೆಂಟ್ ಗಾನ್, ಈಟ್ ಏಟ್ ಈಟನ್’ ಎಂದು ಎರಡೊಂದ್ಲ ಎರಡರ ಮಗ್ಗಿಯ ರಾಗದಲ್ಲೇ ಇವತ್ತಿಗೂ ಹೇಳಬಲ್ಲರು. ಆದರೆ ಮೂರನೆಯ ಸಾಲು ಯಾವ ಕೆಲಸಕ್ಕೆ ಎಂದು ಕೇಳಿದರೆ ಮುಖ ನೋಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೆಯೇ ಕಲಿಸಿದವನು. ರಾಗ ಕೊಟ್ಟೆ, ಬಳಕೆ ಕೊಡಲಿಲ್ಲ. ಆ ಮಕ್ಕಳ ಋಣ ನನ್ನ ಮೇಲಿದೆ ಎಂದೇ ತಿಳಿದಿದ್ದೇನೆ.

ಎಷ್ಟು ಕ್ರಿಯಾಪದ ಕಲಿತರೆ ಸಾಕು ಎಂಬುದು ಮೊದಲ ಪ್ರಶ್ನೆ. 1930ರಲ್ಲಿ ಇಂಗ್ಲೆಂಡಿನ ಸಿ. ಕೆ. ಆಗ್ಡೆನ್ ಎಂಬ ವಿದ್ವಾಂಸರು ಹೊರಗಿನವರ ಕಲಿಕೆಗೆಂದು ಇಂಗ್ಲಿಷನ್ನು 850 ಪದಗಳಿಗೆ ಇಳಿಸಿ ತೋರಿಸಿದರು. ‘ಬೇಸಿಕ್ ಇಂಗ್ಲಿಷ್’ ಎಂದು ಅದಕ್ಕೆ ಹೆಸರು. ಆ 850ರಲ್ಲಿ ಕ್ರಿಯಾಪದಗಳು ಎಷ್ಟಿದ್ದವು ಗೊತ್ತೇ? ಬರೀ ಹದಿನಾರು, ಜೊತೆಗೆ ‘ಮೇ’ ಮತ್ತು ‘ವಿಲ್’. ಕಮ್, ಗೋ, ಗಿವ್, ಗೆಟ್, ಟೇಕ್, ಪುಟ್, ಕೀಪ್, ಲೆಟ್, ಮೇಕ್, ಸೇ, ಸೀ, ಸೆಂಡ್, ಸೀಮ್, ಬೀ, ಡೂ, ಹ್ಯಾವ್: ಲೆಕ್ಕ ಮುಗಿಯಿತು. ‘ಎಂಟರ್’ ಬೇಡ, ‘ಗೋ ಇನ್’ ಸಾಕು. ‘ರಿಟರ್ನ್’ ಬೇಡ, ‘ಕಮ್ ಬ್ಯಾಕ್’ ಸಾಕು. ‘ರಿಮೂವ್’ ಬೇಡ, ‘ಟೇಕ್ ಆಫ್’ ಸಾಕು.

ಆಗ್ಡೆನ್ ಅವರ ಲೆಕ್ಕ ನನ್ನ ಮಟ್ಟಿಗೆ ತುಸು ಬಿಗಿಯಾಯಿತು. ‘ಈಟ್’, ‘ವಾಂಟ್’, ‘ನೋ’ ಈ ಮೂರಕ್ಕೂ ಅವರ ಪಟ್ಟಿಯಲ್ಲಿ ಜಾಗವಿಲ್ಲ. ಹಸಿದವರಿಗೂ ಅಡುಗೆಯವರಿಗೂ ಇವು ಮೊದಲ ದಿನವೇ ಬೇಕು. ಹಾಗಾಗಿ ನಾನು ಆ ಹದಿನಾರರಿಂದ ‘ಸೀಮ್’ ಒಂದನ್ನು ಬದಿಗಿಟ್ಟು ಈಟ್, ಡ್ರಿಂಕ್, ವಾಂಟ್, ನೀಡ್, ನೋ, ಆಸ್ಕ್, ಟೆಲ್, ವೇಟ್, ಕಾಲ್, ಹೆಲ್ಪ್, ವರ್ಕ್, ಸ್ಲೀಪ್, ವಾಶ್, ಕುಕ್, ಪೇ ಇಷ್ಟನ್ನು ಸೇರಿಸುತ್ತೇನೆ. ಮೂವತ್ತಾಯಿತು. ಈ ಮೂವತ್ತು ಬಾಯಿಗೆ ಹತ್ತುವವರೆಗೆ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಇನ್ನು ಕನ್ನಡದ ಕ್ರಿಯಾಪದವನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ‘ಬಂದೆನು’ ಎನ್ನಿ. ಮೂರೇ ಅಕ್ಷರ. ಬರುವ ಕೆಲಸ ಅದರಲ್ಲಿದೆ, ಅದು ಮುಗಿದುಹೋದದ್ದು ಎಂಬುದು ಅದರಲ್ಲಿದೆ, ಬಂದದ್ದು ನಾನು ಎಂಬುದು ಕೂಡ ಅದರಲ್ಲೇ ಅಡಗಿದೆ. ‘ಬಂದಳು’ ಎಂದರೆ ಹೆಣ್ಣು, ‘ಬಂದಿತು’ ಎಂದರೆ ಬಸ್ಸೋ ಮಳೆಯೋ ದನವೋ. ಕ್ರಿಯಾಪದದ ಕೊನೆಯಲ್ಲೇ ಎಲ್ಲ ಗೊತ್ತಾಗುವುದರಿಂದ ‘ನಾನು’, ‘ಅವಳು’ ಎಂದು ಬೇರೆ ಹೇಳಬೇಕಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ಕ್ರಿಯಾಪದಕ್ಕೂ ಇಂಥ ಪ್ರತ್ಯಯಗಳು ಇದ್ದವು. ಕಾಲ ಸರಿದಂತೆ ಒಂದೊಂದೇ ಉದುರಿ, ಈಗ ‘ಕೇಮ್’ ಎಂಬ ಒಂದೇ ರೂಪ ಎಲ್ಲರಿಗೂ ಆಗುತ್ತದೆ. ಯಾರು ಬಂದದ್ದು ಎಂಬುದು ಕ್ರಿಯಾಪದದಲ್ಲಿ ಉಳಿಯಲಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಡುವ ಹಾಗಿಲ್ಲ. ಮಳೆಗೂ ಒಂದು ‘ಇಟ್’ ಬೇಕು: ‘ಇಟ್ ಈಸ್ ರೇನಿಂಗ್’. ‘ವೆಂಟ್ ಮಾರ್ಕೆಟ್’ ಎನ್ನುವ ಆಟೊ ಚಾಲಕರಿಗೆ ನಾನು ಇದಿಷ್ಟನ್ನು ಹೇಳಿದರೆ ಸಾಕು, ಮರುವಾರ ‘ಐ’ ತಾನಾಗಿ ಬಂದು ಕೂತಿರುತ್ತದೆ. ಕಾರಣ ತಿಳಿದದ್ದು ದೊಡ್ಡವರ ತಲೆಯಲ್ಲಿ ನಿಲ್ಲುತ್ತದೆ.

ಉದುರದೆ ಉಳಿದ ಒಂದು ಪ್ರತ್ಯಯವಿದೆ: ‘ಹಿ ಕಮ್ಸ್’, ‘ಶಿ ವರ್ಕ್ಸ್’ ಎನ್ನುವಾಗಿನ ‘ಸ್’. ಅವನು, ಅವಳು, ಅದು, ಈ ಮೂವರಿಗೆ ಮಾತ್ರ, ಅದೂ ವರ್ತಮಾನದಲ್ಲಿ ಮಾತ್ರ. ಇದನ್ನು ಮೊದಲ ತಿಂಗಳು ತಿದ್ದಲು ಹೋಗುವುದಿಲ್ಲ. ‘ಶಿ ವರ್ಕ್’ ಎಂದರೂ ಎದುರಿನವರಿಗೆ ಅರ್ಥವಾಗುತ್ತದೆ, ಇದು ನಿಧಾನವಾಗಿ ಬರುವಂಥದ್ದು.

ಮೊದಲ ದಿನದಿಂದಲೇ ತಿದ್ದಬೇಕಾದದ್ದು ‘ಈಸ್’. ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕ ಒಬ್ಬರು ನನ್ನ ತರಗತಿಗೆ ಬರುತ್ತಾರೆ. ಅಕ್ಕಿರೊಟ್ಟಿ, ಕಡುಬು ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅತಿಥಿಗಳಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ‘ಚಟ್ನಿ ಹಾಟ್’, ‘ರೂಂ ರೆಡಿ’, ‘ಓನರ್ ಹೌಸ್’ ಎಂದು ಪದಗಳನ್ನು ಪಕ್ಕಪಕ್ಕ ಇಟ್ಟು ಮಾತನಾಡುತ್ತಿದ್ದರು. ‘ಅಕ್ಕ, ಚಟ್ನಿ ಖಾರ ಎನ್ನುವುದಕ್ಕೆ ಕನ್ನಡದಲ್ಲಿ ಕ್ರಿಯಾಪದ ಎಲ್ಲಿದೆ, ತೋರಿಸಿ’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಇಲ್ಲ ಮೇಷ್ಟ್ರೇ, ಇಲ್ಲವೇ ಇಲ್ಲ’ ಎಂದರು. ಅವರ ಕಣ್ಣಿನಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದೆ. ಅವನು ನನ್ನ ತಮ್ಮ, ಇದು ನನ್ನ ಮನೆ, ಸಾರು ಉಪ್ಪು: ಇವೆಲ್ಲ ಕ್ರಿಯಾಪದವಿಲ್ಲದೆ ತುಂಬಿದ ವಾಕ್ಯಗಳು. ಇಂಗ್ಲಿಷಿನ ವಾಕ್ಯ ಹಾಗೆ ನಿಲ್ಲಲಾರದು. ಯಾವ ಕೆಲಸವೂ ನಡೆಯದಿದ್ದಾಗಲೂ ನಡುವೆ ‘ಈಸ್’ ಎಂಬ ಒಂದು ಬೆಸುಗೆ ಬೇಕು. ‘ಮಾಲೀಕರು ಮನೆಯಲ್ಲಿದ್ದಾರೆ’ ಎನ್ನುವಾಗ ನಮ್ಮಲ್ಲೂ ‘ಇರು’ ಬರುತ್ತದೆ, ಅವರಲ್ಲಿ ಎರಡು ಕಡೆಯೂ ಬರಬೇಕು. ನಾವು ಹೆಚ್ಚಾಗಿ ಕಲಿಯಬೇಕಾದದ್ದು ಇದೊಂದು. ಇನ್ನೊಂದು ಕಡೆ ನಮಗೆ ಲಾಭವೂ ಇದೆ. ‘ಅವನು ಮೇಷ್ಟರಲ್ಲ’, ‘ಅವನು ಮನೆಯಲ್ಲಿಲ್ಲ’ ಎಂದು ನಾವು ‘ಅಲ್ಲ’ವನ್ನೂ ‘ಇಲ್ಲ’ವನ್ನೂ ಬೇರೆ ಮಾಡಿ ಹೇಳುತ್ತೇವೆ. ಕನ್ನಡ ಕಲಿಯುವ ಹೊರಗಿನವರು ಅಲ್ಲಿ ಎಡವುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಸ್ ನಾಟ್’ ಒಂದೇ.

‘ಹ್ಯಾವ್’ಗೆ ನಮ್ಮಲ್ಲಿ ನೇರವಾದ ಪದವಿಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ದುಡ್ಡಿದೆ, ನನಗೆ ಜ್ವರ ಇದೆ: ಎಲ್ಲವೂ ‘ಇರು’. ಇಂಗ್ಲಿಷ್ ಇಲ್ಲೆಲ್ಲ ‘ಐ ಹ್ಯಾವ್’ ಎನ್ನುತ್ತದೆ. ‘ನನಗೆ’, ‘ನನ್ನ ಹತ್ತಿರ’ ಎಂದು ಶುರುವಾಗಿ ‘ಇದೆ’ ಎಂದು ಮುಗಿಯುವ ವಾಕ್ಯ ನಿಮ್ಮ ಬಾಯಿಗೆ ಬಂದರೆ ಅದು ಹೆಚ್ಚಿನ ಸಲ ‘ಐ ಹ್ಯಾವ್’. ಹಸಿವು, ಬಾಯಾರಿಕೆಗೆ ಮಾತ್ರ ‘ಐ ಆಮ್ ಹಂಗ್ರಿ’, ‘ಐ ಆಮ್ ಥರ್ಸ್ಟಿ’.

ಈಗ ನನ್ನ ಮಾತಿನ ನಡುಮನೆಗೆ ಬರುತ್ತೇನೆ.

ನಮ್ಮವರು ಹೆಚ್ಚು ಬೈಸಿಕೊಂಡಿರುವ ತಪ್ಪು ‘ಹಿ ಡಿಡ್ ನಾಟ್ ಕೇಮ್’. ಶಾಲೆಯಲ್ಲಿ ಇದಕ್ಕೆ ಕೆಂಪು ಗೆರೆ ಬೀಳುತ್ತಿತ್ತು, ‘ಡಿಡ್ ಬಂದರೆ ಮೊದಲ ರೂಪ ಹಾಕಬೇಕು’ ಎಂಬ ನಿಯಮ ಬರುತ್ತಿತ್ತು, ಮಾರನೆಯ ದಿನ ಅದೇ ತಪ್ಪು ಮರಳುತ್ತಿತ್ತು. ನಿಯಮವನ್ನು ಬಿಡಿ. ಕನ್ನಡದಲ್ಲಿ ‘ಅವನು ಬಂದನು’ ಎಂಬುದನ್ನು ಅಲ್ಲಗಳೆಯಿರಿ. ‘ಅವನು ಬಂದನಿಲ್ಲ’ ಎನ್ನುತ್ತೀರಾ? ಮೂರು ವರ್ಷದ ಮಗುವೂ ಹಾಗೆ ಹೇಳುವುದಿಲ್ಲ. ‘ಬರಲಿಲ್ಲ’ ಎನ್ನುತ್ತದೆ. ‘ಬಂದ’ ಎಂಬ ಭೂತರೂಪ ಎಲ್ಲಿ ಹೋಯಿತು? ‘ಇಲ್ಲ’ ಬರುತ್ತಲೇ ಕ್ರಿಯಾಪದ ತನ್ನ ಮೂಲಕ್ಕೆ, ‘ಬರು’ ಎಂಬಲ್ಲಿಗೆ ಹಿಂದಿರುಗಿತು. ‘ಡಿಡ್ ನಾಟ್’ ಬರುತ್ತಲೇ ‘ಕೇಮ್’ ಕೂಡ ‘ಕಮ್’ಗೆ ಹಿಂದಿರುಗುತ್ತದೆ. ಎರಡು ಭಾಷೆಗಳು, ಒಂದೇ ನಡೆ! ‘ಡಿಡ್ ನಾಟ್ ಕೇಮ್’ ಎಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ ‘ಬಂದನಿಲ್ಲ’ ಎಂದಂತೆ ಕೇಳುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಗಂಡು, ಹೆಣ್ಣು, ಒಬ್ಬರು, ಹಲವರು ಎಂದು ಎಲ್ಲ ಕಡೆ ಬಾಲ ಬದಲಿಸುವ ಕನ್ನಡ ಇಲ್ಲಿ ಮಾತ್ರ ಎಲ್ಲರಿಗೂ ಒಂದೇ ರೂಪ ಕೊಟ್ಟು ಸುಮ್ಮನಾಗುತ್ತದೆ, ‘ಡಿಡ್ ನಾಟ್ ಕಮ್’ ಹಾಗೆಯೇ. ‘ಶಿ ಡಸ್ ನಾಟ್ ಕಮ್’ ಎನ್ನುವಾಗಲೂ ‘ಕಮ್ಸ್’ನ ‘ಸ್’ ಹೊರಟು ‘ಡಸ್’ನಲ್ಲಿ ಹೋಗಿ ಕೂರುತ್ತದೆ. ಒಂದು ಗುರುತನ್ನು ಎರಡು ಕಡೆ ಒತ್ತುವುದಿಲ್ಲ.

ಇಷ್ಟು ಕೈಗೆ ಬಂದರೆ ಮೂರನೆಯ ಸಾಲಿನ ಗುಟ್ಟು ಕೂಡ ಬಿಚ್ಚಿಕೊಳ್ಳುತ್ತದೆ. ‘ಊಟ ಮಾಡಲಿಲ್ಲ’ ಎಂಬುದಕ್ಕೂ ‘ಊಟ ಮಾಡಿಲ್ಲ’ ಎಂಬುದಕ್ಕೂ ನಿಮಗೆ ವ್ಯತ್ಯಾಸ ಗೊತ್ತು. ಮೊದಲನೆಯದು ಮುಗಿದ ಕಥೆ: ನಿನ್ನೆ ರಾತ್ರಿ ಊಟ ಮಾಡಲಿಲ್ಲ. ಎರಡನೆಯದು ಈಗಿನ ಸ್ಥಿತಿ: ಇನ್ನೂ ಊಟ ಮಾಡಿಲ್ಲ, ಬಡಿಸಿದರೆ ಮಾಡುತ್ತೇನೆ. ಈ ವ್ಯತ್ಯಾಸವನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ, ಆದರೂ ಜೀವಮಾನದಲ್ಲಿ ಒಮ್ಮೆಯೂ ತಪ್ಪಿಲ್ಲ. ‘ತಿನ್ನಲಿಲ್ಲ’ ಎಂದರೆ ‘ಡಿಡ್ ನಾಟ್ ಈಟ್’. ‘ತಿಂದಿಲ್ಲ’ ಎಂದರೆ ‘ಹ್ಯಾವ್ ನಾಟ್ ಈಟನ್’. ‘ತಿಂದೆ’ ಎಂದರೆ ‘ಏಟ್’, ‘ತಿಂದಿದ್ದೇನೆ’ ಎಂದರೆ ‘ಹ್ಯಾವ್ ಈಟನ್’. ಗೋಡೆಯ ಪಟ್ಟಿಯಲ್ಲಿ ಅನಾಥವಾಗಿ ನಿಂತಿದ್ದ ‘ಈಟನ್’ ಈಗ ನಮ್ಮ ‘ತಿಂದು’ವಿನ ಪಕ್ಕದಲ್ಲಿ ಕೂತಿತು. ನಾವು ಅದಕ್ಕೆ ‘ಇರು’ ಸೇರಿಸುತ್ತೇವೆ, ಅವರು ‘ಹ್ಯಾವ್’ ಸೇರಿಸುತ್ತಾರೆ. ನಾವು ಪದದ ಕೊನೆಗೆ ಸೇರಿಸುತ್ತೇವೆ, ಅವರು ಪದಕ್ಕೆ ಮೊದಲೇ ಸೇರಿಸುತ್ತಾರೆ. ಈ ಹೊಂದಾಣಿಕೆ ಪ್ರತಿಯೊಂದು ವಾಕ್ಯದಲ್ಲೂ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ ಎಂದು ಹೇಳುವುದಿಲ್ಲ. ಶುರು ಮಾಡುವವರಿಗೆ ಇದಕ್ಕಿಂತ ಗಟ್ಟಿಯಾದ ಮೆಟ್ಟಿಲು ನನಗೆ ಸಿಕ್ಕಿಲ್ಲ.

ಹೋಂಸ್ಟೇಯ ಅಕ್ಕನಿಗೆ ಇದನ್ನು ಹೇಳಿದ ಸಂಜೆ ಅವರು ಏನು ಮಾಡಿದರು ಎಂದರೆ, ನೋಟುಪುಸ್ತಕದಲ್ಲಿ ‘ತಿಂದೆ, ತಿನ್ನಲಿಲ್ಲ, ತಿಂದಿದ್ದೇನೆ, ತಿಂದಿಲ್ಲ’ ಎಂದು ನಾಲ್ಕು ಸಾಲು ಬರೆದು, ಪ್ರತಿಯೊಂದರ ಎದುರಿಗೆ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡರು. ನಂತರ ಕೆಳಗೆ ತಾವೇ ‘ಕೊಟ್ಟೆ, ಕೊಡಲಿಲ್ಲ, ಕೊಟ್ಟಿದ್ದೇನೆ, ಕೊಟ್ಟಿಲ್ಲ’ ಎಂದು ಮತ್ತೊಂದು ಕಟ್ಟಿದರು. ‘ಗೇವ್, ಡಿಡ್ ನಾಟ್ ಗಿವ್, ಹ್ಯಾವ್ ಗಿವನ್, ಹ್ಯಾವ್ ನಾಟ್ ಗಿವನ್.’ ಎಲ್ಲವೂ ಸರಿಯಿತ್ತು. ಶಾಲೆಯಲ್ಲಿ ಹತ್ತನೆಯ ತರಗತಿಯವರಿಗೆ ನಾನು ಒಂದು ವರ್ಷದಲ್ಲಿ ದಾಟಿಸಲಾಗದ್ದನ್ನು ಅವರು ಒಂದು ಸಂಜೆಯಲ್ಲಿ ದಾಟಿದ್ದರು.

ಅನಿಯಮಿತ ಕ್ರಿಯಾಪದಗಳ ಭಯದ ಬಗ್ಗೆ ಒಂದೆರಡು ಮಾತು. ‘ಯಾಕೆ ಮೇಷ್ಟ್ರೇ, ಮುಗಿದ ಕೆಲಸ ಹೇಳುವಾಗ ಎಲ್ಲದಕ್ಕೂ ‘ಇಡಿ’ (-ed) ಹಚ್ಚಿದ್ದರೆ ಆಗುತ್ತಿರಲಿಲ್ಲವೇ?’ ಎಂದು ಕೇಳುತ್ತಾರೆ. ನನ್ನ ಮೊಮ್ಮಗಳು ಮಾತು ಕಲಿಯುವಾಗ ಒಂದು ದಿನ ‘ಅಜ್ಜಿಗೆ ಹೂ ಕೊಡಿದೆ’ ಎಂದಳು. ಮಾಡು-ಮಾಡಿದೆ, ಓದು-ಓದಿದೆ, ಹಾಡು-ಹಾಡಿದೆ ಎಂದಾದರೆ ಕೊಡು-ಕೊಡಿದೆ ಯಾಕಾಗಬಾರದು? ಮಗುವಿನ ತರ್ಕ ಸರಿಯಾಗಿಯೇ ಇದೆ. ನಮ್ಮ ಕನ್ನಡ ಅದನ್ನು ‘ಕೊಟ್ಟೆ’ ಮಾಡಿ ಇಟ್ಟಿದೆ. ಬರು-ಬಂದೆ, ತಿನ್ನು-ತಿಂದೆ, ಬೀಳು-ಬಿದ್ದೆ, ಅಳು-ಅತ್ತೆ, ನಿಲ್ಲು-ನಿಂತೆ. ನಮ್ಮ ಭಾಷೆಯಲ್ಲೂ ದಿನಬಳಕೆಯ ಕ್ರಿಯಾಪದಗಳೇ ಹೆಚ್ಚಾಗಿ ರೂಪ ಕೆಡಿಸಿಕೊಂಡಿವೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಬೀ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ಟೇಕ್, ಕಮ್, ಸೀ, ಈ ಹತ್ತೂ ಅನಿಯಮಿತವೇ. ದಿನವೂ ಬಾಯಲ್ಲಿ ಹೊರಳುವ ಪದದ ಹಳೆಯ ರೂಪವನ್ನು ಜನ ಮರೆಯುವುದಿಲ್ಲ, ಆದ್ದರಿಂದ ಅದು ಉಳಿಯುತ್ತದೆ. ಹೊಸದಾಗಿ ಬಂದ ಪದ ಎರಡೂ ಭಾಷೆಗಳಲ್ಲಿ ನಿಯಮಕ್ಕೆ ಬೀಳುತ್ತದೆ. ನಾವು ‘ಫೋನಾಯಿಸಿದೆ’ ಎನ್ನುತ್ತೇವೆ, ಅವರು ‘ಫೋನ್ಡ್’ ಎನ್ನುತ್ತಾರೆ.

ಕೆಟ್ಟ ರೂಪಗಳಲ್ಲೂ ಮನೆತನಗಳಿವೆ. ಕೊಡು, ಇಡು, ಬಿಡು, ಸುಡು, ನೆಡು: ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ, ನೆಟ್ಟ. ಒಂದು ಗೊತ್ತಾದರೆ ಐದು ಗೊತ್ತಾದವು. ಹಾಗೆಯೇ ಸೆಂಡ್, ಸ್ಪೆಂಡ್, ಲೆಂಡ್, ಬೆಂಡ್: ಸೆಂಟ್, ಸ್ಪೆಂಟ್, ಲೆಂಟ್, ಬೆಂಟ್. ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್. ಕಟ್, ಪುಟ್, ಶಟ್, ಹಿಟ್ ಮೂರು ಸಾಲಿನಲ್ಲೂ ಬದಲಾಗುವುದೇ ಇಲ್ಲ. ಅಕ್ಷರಮಾಲೆಯ ಕ್ರಮದ ಪಟ್ಟಿಯನ್ನು ಹರಿದು, ಮನೆತನಗಳಾಗಿ ಬರೆದುಕೊಳ್ಳಿ. ‘ಗೋ’ಗೆ ‘ವೆಂಟ್’ ಹೇಗೆ ಬಂತು ಎಂದು ತಲೆ ಕೆಡಿಸಿಕೊಂಡವರಿಗೆ ಒಂದು ಸಂತೋಷದ ಸುದ್ದಿ ಹೇಳುತ್ತೇನೆ. ಅದು ‘ಗೋ’ದ ಮಗುವಲ್ಲ. ‘ವೆಂಡ್’ ಎಂಬ ಹಳೆಯ ಕ್ರಿಯಾಪದವಿತ್ತು, ಸೆಂಡ್-ಸೆಂಟ್ ಮನೆತನದ್ದೇ. ಅದರ ‘ವೆಂಟ್’ ಬಂದು ‘ಗೋ’ದ ಮನೆಯಲ್ಲಿ ನೆಲೆಸಿತು.

‘ಇಡಿ’ ಹಚ್ಚಿದ ಪದದ ಉಚ್ಚಾರಣೆಯಲ್ಲಿ ನಮ್ಮವರಿಗೆ ಒಂದು ತೊಡಕಿದೆ. ‘ಕುಕ್ಕೆಡ್’, ‘ವಾಶೆಡ್’, ‘ಕಾಲೆಡ್’ ಎನ್ನುತ್ತಾರೆ. ಸರಿಯಾದದ್ದು ಕುಕ್ಟ್, ವಾಶ್ಟ್, ಕಾಲ್ಡ್. ಯಾವಾಗ ‘ಟ್’, ಯಾವಾಗ ‘ಡ್’ ಎಂಬುದಕ್ಕೆ ನಿಮ್ಮ ಬಳಿ ಈಗಾಗಲೇ ಒಂದು ಸಾಧನವಿದೆ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಕ ಹೋಗಿ ಗ, ತ ಹೋಗಿ ದ. ಆದೇಶ ಸಂಧಿ ಎಂದು ಶಾಲೆಯಲ್ಲಿ ಓದಿದ್ದೀರಿ. ವರ್ಗದ ಮೊದಲ ಅಕ್ಷರ ಗಡುಸು, ಮೂರನೆಯದು ಮೃದು. ಅಕ್ಕಪಕ್ಕದ ದನಿಗೆ ಹೊಂದಿಕೊಂಡು ಒಂದು ಇನ್ನೊಂದಾಗುತ್ತದೆ. ಇಂಗ್ಲಿಷಿನ ‘ಇಡಿ’ ಕೂಡ ಹೀಗೆಯೇ ಹೊಂದಿಕೊಳ್ಳುತ್ತದೆ. ಹಿಂದೆ ಕ್, ಪ್, ಚ್, ಸ್, ಶ್ ಇದ್ದರೆ ಗಡುಸಾದ ‘ಟ್’: ಕುಕ್ಟ್, ಹೆಲ್ಪ್ಟ್. ಹಿಂದೆ ಲ್, ನ್, ಮ್ ಅಥವಾ ಸ್ವರ ಇದ್ದರೆ ಮೃದುವಾದ ‘ಡ್’: ಕಾಲ್ಡ್, ಕ್ಲೀನ್ಡ್. ಹಿಂದೆ ಟ್ ಅಥವಾ ಡ್ ಇದ್ದರೆ ಮಾತ್ರ ‘ಎಡ್’ ಎಂದು ಬಿಡಿಸಿ ಹೇಳುವುದು: ವೇಟೆಡ್, ನೀಡೆಡ್. ಕ ಖ ಗ ಘ ಕಲಿತ ಕನ್ನಡಿಗರಿಗೆ ಗಡುಸು-ಮೃದುವಿನ ಭೇದ ಅಕ್ಷರಮಾಲೆಯಲ್ಲೇ ಸಾಲಾಗಿ ಜೋಡಿಸಿ ಸಿಕ್ಕಿದೆ. ಇಂಗ್ಲಿಷಿನ ಎಬಿಸಿಡಿಯಲ್ಲಿ ಆ ಜೋಡಣೆ ಇಲ್ಲ.

ಇನ್ನು ‘ಹಾಕು’. ಈ ಒಂದು ಪದದ ಮೇಲೆ ನನಗೆ ವಿಶೇಷ ಪ್ರೀತಿ. ಬೆಳಗಿನಿಂದ ಸಂಜೆಯವರೆಗೆ ನಾವು ಏನೆಲ್ಲ ಹಾಕುತ್ತೇವೆ ನೋಡಿ. ಲೈಟು ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ದನಕ್ಕೆ ಹುಲ್ಲು ಹಾಕುತ್ತೇವೆ, ಗಿಡಕ್ಕೆ ಗೊಬ್ಬರ ಹಾಕುತ್ತೇವೆ, ಸಾರಿಗೆ ಉಪ್ಪು ಹಾಕುತ್ತೇವೆ, ಬಸ್ಸಿಗೆ ಬ್ರೇಕ್ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಸಹಿ ಹಾಕುತ್ತೇವೆ, ಕೋಳಿ ಮೊಟ್ಟೆ ಹಾಕುತ್ತದೆ. ಇವಿಷ್ಟಕ್ಕೂ ‘ಪುಟ್’ ಎಂದು ಒಂದೇ ಪದ ಹಿಡಿದುಕೊಂಡವರು ‘ಪುಟ್ ದ ಲೈಟ್’, ‘ಪುಟ್ ಸೈನ್’, ‘ಪುಟ್ ಲಾಕ್’ ಎನ್ನುತ್ತಾರೆ. ಲೈಟಿಗೆ ‘ಸ್ವಿಚ್ ಆನ್’ ಅಥವಾ ‘ಟರ್ನ್ ಆನ್’, ಅಂಗಿಗೆ ‘ಪುಟ್ ಆನ್’, ಬೀಗಕ್ಕೆ ‘ಲಾಕ್’, ದನಕ್ಕೆ ‘ಫೀಡ್’, ಉಪ್ಪಿಗೆ ‘ಆ್ಯಡ್’ ಅಥವಾ ‘ಪುಟ್’, ಅರ್ಜಿಗೆ ‘ಅಪ್ಲೈ’, ಸಹಿಗೆ ‘ಸೈನ್’, ಕೋಳಿಗೆ ‘ಲೇ’. ಅಂಗಿ ಹಾಕಿಕೊಳ್ಳುವ ಕ್ಷಣ ‘ಪುಟ್ ಆನ್’, ಹಾಕಿಕೊಂಡು ಇರುವುದು ‘ವೇರ್’. ‘ಮಾಡು’ ಕೂಡ ಇಂಥದ್ದೇ: ಸ್ನಾನ ಮಾಡು, ನಿದ್ದೆ ಮಾಡು, ಫೋನ್ ಮಾಡು, ತಡ ಮಾಡು. ಎಲ್ಲಕ್ಕೂ ‘ಡೂ’ ಒಗ್ಗುವುದಿಲ್ಲ.

ಆದ್ದರಿಂದ ಪದಕ್ಕೆ ಪದ ಬರೆದುಕೊಳ್ಳುವುದನ್ನು ಬಿಡಿ. ‘ಪುಟ್ ಎಂದರೆ ಹಾಕು’ ಎಂದು ಬರೆದ ಕ್ಷಣವೇ ಹತ್ತು ತಪ್ಪುಗಳಿಗೆ ಬೀಜ ಬಿತ್ತಿದಂತೆ. ವಸ್ತುವಿನ ಜೊತೆಗೇ ಬರೆಯಿರಿ: ಲೈಟು ಹಾಕು, ಬೀಗ ಹಾಕು, ಉಪ್ಪು ಹಾಕು ಎಂದು ಒಂದೊಂದು ಸಾಲು. ಕನ್ನಡ ಕಲಿಯಲು ಬಂದವರಿಗೂ ಇದೇ ಕಷ್ಟ ಎದುರಾಗಿರಬೇಕು. 1817ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ ಕುಳಿತು ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದರು. ಜರ್ಮನಿಯಿಂದ ಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ನಮ್ಮ ಒಂದೊಂದು ಕ್ರಿಯಾಪದವನ್ನೂ ಅವರು ಎಷ್ಟು ತಾಳ್ಮೆಯಿಂದ ಬಿಡಿಸಿ ನೋಡಿದರು ಎಂದು ನೆನೆದಾಗಲೆಲ್ಲ, ಅದೇ ಗೌರವವನ್ನು ನಾವು ನಮ್ಮ ಕಲಿಯುವವರಿಗೂ ತೋರಿಸಬೇಕು ಎನ್ನಿಸುತ್ತದೆ.

‘ಇಂಗ್’ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಎಲ್ಲದಕ್ಕೂ ಇಂಗ್ ಹಚ್ಚಬೇಡಿ. ಕನ್ನಡದಲ್ಲಿ ನೀವು ‘ಗೊತ್ತಾಗುತ್ತಾ ಇದೆ’ ಎನ್ನುತ್ತೀರಿ, ಆದರೆ ‘ಗೊತ್ತುತ್ತಾ ಇದೆ’ ಎನ್ನುವುದಿಲ್ಲ. ಗೊತ್ತು, ಬೇಕು, ಇಷ್ಟ: ಇವು ನಮ್ಮಲ್ಲೂ ನಡೆಯುತ್ತಾ ಇರುವ ಕೆಲಸಗಳಲ್ಲ. ಅವರಲ್ಲೂ ನೋ, ವಾಂಟ್, ಲೈಕ್ ಸಾಮಾನ್ಯವಾಗಿ ಇಂಗ್ ಬೇಡುವುದಿಲ್ಲ. ‘ನಾಳೆ ಬರುತ್ತೇನೆ’ ಎನ್ನುವಾಗ ಮಾತ್ರ ಎಚ್ಚರ. ನಮ್ಮ ‘ಬರುತ್ತೇನೆ’ ದಿನವೂ ಬರುವುದಕ್ಕೂ ಆಗುತ್ತದೆ, ನಾಳೆ ಬರುವುದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ನಾಳೆಯದಕ್ಕೆ ‘ಐ ವಿಲ್ ಕಮ್’ ಎನ್ನಬೇಕು.

ಮನೆಯಲ್ಲಿ ಅಭ್ಯಾಸ ಹೇಗೆ ಮಾಡಬೇಕು ಎಂದು ಸಭೆಯಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ರಾತ್ರಿ ಮಲಗುವ ಮುಂಚೆ ಆ ದಿನ ನಿಜವಾಗಿ ಮಾಡಿದ ಐದು ಕೆಲಸಗಳನ್ನು ಹೇಳಿಕೊಳ್ಳಿ. ಆಮೇಲೆ ಮಾಡದೆ ಬಿಟ್ಟ ಐದು ಕೆಲಸಗಳನ್ನು ಹೇಳಿಕೊಳ್ಳಿ. ಬಿಟ್ಟ ಕೆಲಸಗಳು ಎಲ್ಲರಿಗೂ ಬೇಕಾದಷ್ಟು ಇರುತ್ತವೆ, ‘ಡಿಡ್ ನಾಟ್’ ತಾನಾಗಿ ಪಳಗುತ್ತದೆ. ಗಟ್ಟಿಯಾಗಿ ಹೇಳಿ, ಬಾಯಿಗೆ ಅಭ್ಯಾಸವಾಗಲಿ. ಬರೆಯಲು ಇಂಗ್ಲಿಷ್ ಅಕ್ಷರ ಕಷ್ಟವಾದರೆ ಕನ್ನಡ ಲಿಪಿಯಲ್ಲೇ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಾಗುಣಿತ ಆಮೇಲೆ ಬರಲಿ.

ಇನ್ನೊಂದು ಚೀಟಿಯಲ್ಲಿ, ವಯಸ್ಸು ಐವತ್ತೆಂಟು, ಈಗ ಶುರು ಮಾಡಿದರೆ ಆಗುತ್ತದೆಯೇ ಎಂದು ಕೇಳಿದ್ದಾರೆ. ಅವರಿಗೆ ಹೋಂಸ್ಟೇಯ ಅಕ್ಕನ ನೋಟುಪುಸ್ತಕದ ಒಂದು ಪುಟ ಓದಿ ಹೇಳುತ್ತೇನೆ, ಅವರ ಒಪ್ಪಿಗೆ ಪಡೆದೇ ತಂದಿದ್ದೇನೆ. ಅವರಿಗೂ ಐವತ್ತು ದಾಟಿದೆ. ಮೇಲೆ ತಾರೀಖು, ಕೆಳಗೆ ಕನ್ನಡ ಲಿಪಿಯಲ್ಲಿ ಹೀಗಿದೆ: ‘ಐ ಗಾಟ್ ಅಪ್ ಅಟ್ ಫೈವ್. ಐ ಮೇಡ್ ಕಡುಬು. ಗೆಸ್ಟ್ಸ್ ಕೇಮ್ ಲೇಟ್. ದೇ ಡಿಡ್ ನಾಟ್ ಈಟ್ ಚಟ್ನಿ. ಚಟ್ನಿ ವಾಸ್ ಹಾಟ್. ಐ ಗೇವ್ ತುಪ್ಪ. ದೇ ಆಸ್ಕ್ಡ್ ಮೋರ್ ಕಡುಬು. ಐ ಹ್ಯಾವ್ ನಾಟ್ ಈಟನ್.’

ಕೊನೆಯ ಸಾಲು ಓದಿದಾಗ ರಾತ್ರಿ ಎಂಟು ಗಂಟೆಯಾಗಿತ್ತು. ‘ಅಕ್ಕ, ಇದು ನಿಜವೇ?’ ಎಂದು ಕೇಳಿದೆ. ‘ನಿಜ ಮೇಷ್ಟ್ರೇ, ಇನ್ನೂ ಊಟ ಮಾಡಿಲ್ಲ, ತರಗತಿ ಮುಗಿಸಿ ಹೋಗಿ ಮಾಡುತ್ತೇನೆ’ ಎಂದರು. ಆವತ್ತು ಹತ್ತು ನಿಮಿಷ ಬೇಗ ಬಿಟ್ಟೆ.